ಎರಡೂ ಕಡೆಯ ಅಕ್ಕ

ಎಲೆಯ ತುದಿ ಮುಗಿಸಿ, ದಾರ ಕತ್ತರಿಸಿ, ಕಸೂತಿಯ ಮರದ ರಿಂಗನ್ನು ಸಡಿಲಿಸಿ ಬಟ್ಟೆಯನ್ನು ಒಂದು ಗೇಣು ಬಲಕ್ಕೆ ಸರಿಸಿದಾಗಲೇ ಅವಳಿಗೆ ಗೊತ್ತಾದದ್ದು, ಅಮ್ಮನ ಹೆಸರಿನ ಕೆಳಗೆ ಏನೂ ಇಲ್ಲ ಎಂದು. ಗುರುತು ಅಳಿಸಿಹೋಗಿರಬೇಕು ಅಂದುಕೊಂಡಳು ಮೊದಲು. ಕಾರ್ಬನ್ನಿನ ನೀಲಿ ಗೆರೆ ಕೈಬೆವರಿಗೆ ಮಾಸುವುದುಂಟು. ಕನ್ನಡಕ ಹಣೆಗೇರಿಸಿ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮಾಸಿರಲಿಲ್ಲ. ಅಮ್ಮನ ಹೆಸರು, ಪಕ್ಕದಲ್ಲಿ ಅಪ್ಪನ ಹೆಸರು, ಎರಡನ್ನೂ ಬಳಸಿಕೊಂಡ ಒಂದು ಹೂವಿನ ಗೆರೆ. ಅಲ್ಲಿಂದ ಕೆಳಗೆ ಬರೀ ಬಿಳಿ ಬಟ್ಟೆ. ಈಗ ತಾನೇ ಮುಗಿಸಿದ ಎಲೆ, ಅವಳದೇ ಎಲೆ, ಬಲಗಡೆ ದೊಡ್ಡಮ್ಮನ ಹೂವಿನ ಕೆಳಗೆ, ಅಣ್ಣನ ಎಲೆ, ಅಕ್ಕನ ಎಲೆ ಆದಮೇಲೆ ಮೂರನೆಯದಾಗಿ ತೂಗುತ್ತಿತ್ತು. ತನ್ನ ಹೆಸರನ್ನು ತಾನೇ, ಕೈಯಾರೆ, ಹಸಿರು ದಾರದಲ್ಲಿ ಹೊಲಿದು ಗಂಟು ಹಾಕಿ ಕೂತಿದ್ದಳು.

ರಿಂಗಿನ ಕೆಲಸವೇ ಹಾಗೆ. ಕಣ್ಣಿಗೆ ಬೀಳುವುದು ಅಂಗೈಯಗಲದ ಬಟ್ಟೆ, ಉಳಿದದ್ದೆಲ್ಲ ಮಡಿಲಲ್ಲಿ ಸುರುಳಿ. ಆಸ್ಪತ್ರೆಯ ಬಿಳಿ ಕೋಟಿನ ಜೇಬಿಗೆ ಡಾಕ್ಟರ ಹೆಸರು, ಹೋಟೆಲಿನ ಟವೆಲ್ಲಿನ ಮೂಲೆಗೊಂದು ಅಕ್ಷರ, ಶಾಲೆಯ ಅಂಗಿಗೆ ದೀಪದ ಚಿತ್ರ. ಈ ಅಂಗಡಿಯ ಕಿಟಕಿ ಪಕ್ಕದ ಯಂತ್ರದಲ್ಲಿ ಕೂತು ಅವಳು ಎಷ್ಟು ಹೆಸರು ಹೊಲಿದಿದ್ದಳೋ, ಒಂದನ್ನೂ ಓದಿದವಳಲ್ಲ. ಓದುತ್ತ ಹೊಲಿದರೆ ಕೈ ಮುಂದೋಡುತ್ತದೆ, ಅಕ್ಷರ ವಾರೆಯಾಗುತ್ತದೆ. ಸುಳಿಯನ್ನು ಸುಳಿಯೆಂದು, ಕೊಂಬನ್ನು ಕೊಂಬೆಂದು ನೋಡಬೇಕು, ಅಷ್ಟೆ. ಬೆಳಿಗ್ಗೆ ತನ್ನ ಹೆಸರು ರಿಂಗಿನೊಳಕ್ಕೆ ಬಂದಾಗ ಮಾತ್ರ ಅವಳು ಓದಿದ್ದಳು. ಓದಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಉಳಿದವರದಕ್ಕಿಂತ ಚೂರು ಒತ್ತಾಗಿ, ಸೂಜಿ ಹೋದಲ್ಲೇ ಇನ್ನೊಮ್ಮೆ ಹೋಗುವಂತೆ ಹೊಲಿದಿದ್ದಳು. ಅದು ಯಾವ ಹೂವಿನ ಕೆಳಗಿದೆ ಎಂದು ಸುರುಳಿ ಬಿಚ್ಚಿ ನೋಡಬೇಕೆನಿಸಿರಲಿಲ್ಲ. ತಾನು ಎಲ್ಲಿರುತ್ತೇನೆ ಎನ್ನುವುದರಲ್ಲಿ ನೋಡಲಿಕ್ಕೇನಿದೆ?

ಈ ಭಾನುವಾರ ದೊಡ್ಡಮ್ಮನಿಗೆ ಎಂಬತ್ತು ತುಂಬುತ್ತದೆ. ಮನೆಯ ದೊಡ್ಡ ಕೋಣೆಯ ಗೋಡೆಗೆ ತೂಗುಹಾಕಲು ಇಡೀ ಕುಟುಂಬದ ಒಂದು ಬಳ್ಳಿ ಮಾಡಿಸೋಣ ಎಂದು ಹೇಳಿದವಳು ಅಕ್ಕ. ಚಿತ್ರ ಬರೆದವಳು ಚಿತ್ರಕಲೆ ಓದುತ್ತಿರುವ ಅಕ್ಕನ ಮಗಳು. ಮರ ಬೇಡ, ಬಳ್ಳಿ ಇರಲಿ, ಮೇಲಿನಿಂದ ಇಳೀತಾ ಬರಲಿ ಎಂದು ಅವಳೇ ಯೋಚಿಸಿ, ಬಟ್ಟೆಯ ಮೇಲೆ ಗೆರೆ ಮೂಡಿಸಿ ತಂದುಕೊಟ್ಟಿದ್ದಳು. ಹೊಲಿಯುವವಳು ಯಾರೆಂದು ಯಾರೂ ಕೇಳಲಿಲ್ಲ. ಅದು ಕೇಳುವ ಮಾತೇ ಅಲ್ಲವಲ್ಲ.

"ಏನ್ರೀ, ಎಲೆ ನೋಡ್ಕೊಂಡು ಕೂತುಬಿಟ್ರಿ? ಹುಳ ಏನಾದ್ರೂ ಬಿದ್ದಿದ್ಯಾ?" ಎಂದಳು ಎದುರಿನ ಬೆಂಚಿನಿಂದ ಗುಂಡಿ. ಅವಳ ಕೆಲಸ ಕಾಜ ಹಾಕಿ ಗುಂಡಿ ಹಚ್ಚುವುದು, ಮೈಯೂ ಕೆಲಸಕ್ಕೆ ತಕ್ಕ ಹಾಗೆ ಉರುಟು. ಅಂಗಡಿಯಲ್ಲಿ ಅವಳಿಗೆ ಬೇರೆ ಹೆಸರೇ ಉಳಿದಿರಲಿಲ್ಲ, ಅವಳಿಗೂ ಅದರ ಬಗ್ಗೆ ಬೇಜಾರಿರಲಿಲ್ಲ.

"ಹುಳ ಇಲ್ಲ. ಜಾಗ ತಪ್ಪಿದೆ. ನನ್ನನ್ನ ತಗೊಂಡುಹೋಗಿ ಅಕ್ಕನ ಮನೆಯವರ ಕೆಳಗೆ ಹಾಕಿದ್ದಾಳೆ."

"ಅಕ್ಕನ ಮನೆಯವರು ಅಂದ್ರೆ? ನಿಮ್ಮ ಸ್ವಂತ ಅಕ್ಕ ಅಲ್ವಾ ಅವರು? ನಾನಿಷ್ಟು ದಿನ ಹಾಗೇ ಅಂದ್ಕೊಂಡಿದ್ದೆ."

"ನಮ್ಮಮ್ಮ, ಅವಳಮ್ಮ ಅಕ್ಕ ತಂಗಿ. ನಮ್ಮಪ್ಪ, ಅವಳಪ್ಪ ಅಣ್ಣ ತಮ್ಮ."

ಗುಂಡಿ ಬಾಯಿಯಲ್ಲಿ ಕಚ್ಚಿದ್ದ ದಾರವನ್ನು ತೆಗೆದಳು. "ಇನ್ನೊಂದ್ಸಲ ಹೇಳ್ರೀ. ನನ್ನ ತಲೆ ಇರೋದು ಕಾಜದಷ್ಟು." ಎಂದವಳು ಡಬ್ಬಿಗೆ ಕೈ ಹಾಕಿ ಎರಡು ಕರಿ ಕೋಟುಗುಂಡಿ, ಎರಡು ಬಿಳಿ ಅಂಗಿಗುಂಡಿ ತೆಗೆದು ಬೆಂಚಿನ ಮೇಲೆ ಸಾಲಾಗಿಟ್ಟಳು. "ಕರಿ ಎರಡು ಅಣ್ಣ ತಮ್ಮ. ಬಿಳಿ ಎರಡು ಅಕ್ಕ ತಂಗಿ. ದೊಡ್ಡ ಕರಿಗೆ ದೊಡ್ಡ ಬಿಳಿ, ಚಿಕ್ಕ ಕರಿಗೆ ಚಿಕ್ಕ ಬಿಳಿ. ಆಯ್ತಾ? ಈ ಜೋಡಿಗೆ ನಿಮ್ಮಕ್ಕ, ಈ ಜೋಡಿಗೆ ನೀವು. ಈಗ ಕರಿಗಳ ತಾಯಿ ನಿಮಗೂ ಅಜ್ಜಿ, ಅವರಿಗೂ ಅಜ್ಜಿ. ಬಿಳಿಗಳ ತಾಯಿ ನಿಮಗೂ ಅಜ್ಜಿ, ಅವರಿಗೂ..." ಬೆರಳು ಗುಂಡಿಯ ಮೇಲೆ ನಿಂತಿತು. "ಅಲ್ರೀ, ಹಾಗಾದ್ರೆ ನಿಮಗೇ ಅಂತ ಒಂದಜ್ಜಿನೂ ಇರಲಿಲ್ವಾ?"

ಇರಲಿಲ್ಲ. ಯಾರೂ ಇಷ್ಟು ಸಲೀಸಾಗಿ ನಾಲ್ಕು ಗುಂಡಿಯಲ್ಲಿ ಅದನ್ನು ಅವಳ ಮುಂದೆ ಇಟ್ಟಿರಲಿಲ್ಲ, ಅಷ್ಟೆ. ಬೇರೆ ಮಕ್ಕಳಿಗೆ ಅಪ್ಪನ ಕಡೆಯವರು ಬೈದರೆ ಓಡಿಹೋಗಲು ಅಮ್ಮನ ಕಡೆಯದೊಂದು ಮನೆ ಇರುತ್ತಿತ್ತು. ರಜಕ್ಕೆ ಅಲ್ಲಿ ಹೋದರೆ ಅಲ್ಲಿಯದೇ ಬೇರೆ ಮುದ್ದು, ಬೇರೆ ಹೆಸರು, ಇಲ್ಲಿಯವರ ಮೇಲೆ ಹೇಳಿಕೊಳ್ಳಲು ಬೇರೆ ಕಿವಿ. ಅವಳು ರಜಕ್ಕೆ ಅಮ್ಮನ ಕೈ ಹಿಡಿದು ಬಸ್ಸಿಳಿದು ಆ ಮನೆಯ ಮೆಟ್ಟಿಲು ಹತ್ತಿದರೆ, ಒಳಗೆ ಅಕ್ಕ ಆಗಲೇ ಬಂದು ಅಜ್ಜಿಯ ಹಾಸಿಗೆಯ ಗೋಡೆಬದಿಯ ಜಾಗ ಹಿಡಿದಿರುತ್ತಿದ್ದಳು. ಅಜ್ಜಿಗೆ ಎರಡು ಪಕ್ಕಗಳಿದ್ದವು ನಿಜ, ಆದರೆ ಒಂದೇ ಮುಖ; ಅದು ನಿದ್ದೆಯಲ್ಲಿ ಗೋಡೆಯ ಕಡೆಗೇ ತಿರುಗುತ್ತಿತ್ತು. ಅವಳಿಗೆ ಸಿಕ್ಕಿದ್ದು ಬೆನ್ನು, ರವಿಕೆಯ ಬೆನ್ನಿನ ಹೊಲಿಗೆ. ಆ ಹೊಲಿಗೆಯನ್ನು ಉಗುರಿನಿಂದ ಎಣಿಸುತ್ತ ನಿದ್ದೆಹೋಗುತ್ತಿದ್ದಳು. ಅಕ್ಕ ಕೆಟ್ಟವಳಾಗಿದ್ದಿದ್ದರೆ ಸಲೀಸಾಗುತ್ತಿತ್ತು. ಅಕ್ಕ ಮರುದಿನ ಬೆಳಿಗ್ಗೆ, "ಇವತ್ತು ನೀನು ಗೋಡೆ ಕಡೆ ಮಲ್ಕೋ" ಎಂದು ಜಾಗ ಬಿಟ್ಟುಕೊಡುತ್ತಿದ್ದಳು. ಆ ರಾತ್ರಿ ಅಜ್ಜಿ ಈ ಕಡೆಗೆ ಮಗ್ಗುಲಾಗುತ್ತಿದ್ದಳು.

"ಹಾಗಾದ್ರೆ ಅವರು ನಿಮಗೆ ಎರಡೂ ಕಡೆಯಿಂದ ಅಕ್ಕ," ಎಂದು ತೀರ್ಪು ಕೊಟ್ಟು ಗುಂಡಿಗಳನ್ನು ಡಬ್ಬಿಗೆ ಸುರಿದುಕೊಂಡಳು ಗುಂಡಿ. "ಪುಣ್ಯ ಮಾಡಿದ್ರಿ. ನನಗೆ ಒಂದು ಕಡೆಯಿಂದ ಇರೋ ತಂಗಿನೇ ಮಾತಾಡ್ಸಲ್ಲ."

ಅವಳು ಅಮ್ಮನ ಹೆಸರನ್ನು ರಿಂಗಿಗೆ ಸಿಕ್ಕಿಸಿ ಪೆಡಲು ಒತ್ತಿದಳು. ಹೆಸರನ್ನಂತೂ ಹೊಲಿಯಬೇಕಲ್ಲ. ಸೂಜಿ ಬಟ್ಟೆಯನ್ನು ಕುಟ್ಟುತ್ತ ಹೋಯಿತು. ಮೊದಲ ಅಕ್ಷರದ ತಲೆಕಟ್ಟು, ಹೊಟ್ಟೆ, ಒಳಗಿನ ಸುಳಿ. ಅಮ್ಮನಿಗೆ ಬಾಚಣಿಗೆ ಹಿಡಿದ ಕೈಯೇ ಇದ್ದದ್ದು ಎನಿಸುವಷ್ಟು, ಅವಳ ನೆನಪಿನಲ್ಲಿ ಅಮ್ಮ ಯಾವಾಗಲೂ ಅಕ್ಕನ ತಲೆ ಬಾಚುತ್ತಿರುತ್ತಾಳೆ. ಎರಡೂ ಸಂಸಾರ ಒಂದೇ ಮನೆಯ ಮೇಲೆ ಕೆಳಗೆ. ಬೆಳಿಗ್ಗೆ ದೊಡ್ಡಮ್ಮ ಕೆಲಸಕ್ಕೆ ಹೊರಡುವ ಗಡಿಬಿಡಿ, ಅಕ್ಕ ಬಾಚಣಿಗೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು "ಚಿಕ್ಕಮ್ಮಾ" ಎಂದು ರಾಗ ಎಳೆದು ಅಮ್ಮನ ಮೊಣಕಾಲುಗಳ ನಡುವೆ ಕೂರುತ್ತಿದ್ದಳು. ಅಕ್ಕನ ಕೂದಲು ದಟ್ಟ, ಸೊಂಟದ ತನಕ. ಅದನ್ನು ಮೂರು ಕಾಲು ಮಾಡಿ, ಎಣ್ಣೆ ಸವರಿ, ಹೆಣೆದು, ಮಡಚಿ ಕಟ್ಟುವ ತನಕ ಅಮ್ಮನ ತುಟಿಗಳು ಅಲ್ಲಾಡುತ್ತಿದ್ದವು. ಏನೋ ಹೇಳುತ್ತಿದ್ದಳು, ಮೆಲ್ಲಗೆ, ಅಕ್ಕನ ನೆತ್ತಿಗೆ ಮಾತ್ರ ಕೇಳಿಸುವಷ್ಟು. ಇವಳ ಕೂದಲು ಎಳೆ, ಇಲಿಬಾಲ. ಅದನ್ನು ಕುತ್ತಿಗೆಗೆ ಸರಿಯಾಗಿ ಕತ್ತರಿಸಿಬಿಟ್ಟಿದ್ದರು. ಬಾಚಲು ಏನೂ ಇಲ್ಲದ ತಲೆ. ಇವಳು ಬಾಗಿಲ ಬಳಿ ಚೀಲ ಹಾಕಿಕೊಂಡು ನಿಂತು ಆ ಅಲ್ಲಾಡುವ ತುಟಿಗಳನ್ನು ನೋಡುತ್ತಿದ್ದಳು. ಏನು ಹೇಳ್ತಿದ್ರು ಎಂದು ದಾರಿಯಲ್ಲಿ ಕೇಳಿದರೆ ಅಕ್ಕ, "ಏನಿಲ್ಲಪ್ಪ, ಸುಮ್ಮನೆ" ಎನ್ನುತ್ತಿದ್ದಳು.

ಕೋಟು ಕೂಡ ಅಕ್ಕನದೇ ಇಳಿದು ಬರುತ್ತಿತ್ತು. ಕಂದು ಬಣ್ಣದ ಒಂದು ಕೋಟು ನೆನಪಿದೆ. ಅಕ್ಕನಿಗಿಂತ ಇವಳು ಉದ್ದ ಬೆಳೆದಿದ್ದರಿಂದ ಅಮ್ಮ ಅದರ ಅಂಚು ಬಿಚ್ಚಿ ಇಳಿಸಿದ್ದಳು. ಇಳಿಸಿದಾಗ ಹಳೆಯ ಅಂಚಿನ ಗುಂಟ ಸೂಜಿಯ ತೂತುಗಳ ಒಂದು ಸಾಲು, ಅದರ ಕೆಳಗೆ ಬಿಸಿಲು ಕಾಣದ ಗಾಢ ಬಣ್ಣದ ಪಟ್ಟಿ. "ನೋಡಿದವರಿಗೆಲ್ಲ ಗೊತ್ತಾಗುತ್ತೆ ಇದು ಅವಳದು ಅಂತ" ಎಂದು ಇವಳು ಅತ್ತಳು. ಅಮ್ಮ ಬೆರಳನ್ನು ನೀರಿಗೆ ಅದ್ದಿ ತೂತುಗಳ ಮೇಲೆ ತಾಕಿಸಿ, ಉಗುರಿನಿಂದ ಹಿಂದಕ್ಕೂ ಮುಂದಕ್ಕೂ ಉಜ್ಜಿ, ಮೇಲೆ ಇಸ್ತ್ರಿ ಒತ್ತಿದಳು. "ನೋಡು, ಬಟ್ಟೆ ಮರೆತುಬಿಡುತ್ತೆ" ಎಂದಳು. ತೂತು ಮುಚ್ಚಿಕೊಂಡಿದ್ದವು, ನಿಜ. ಪಟ್ಟಿ ಹೋಗಲಿಲ್ಲ. ಆ ಪಟ್ಟಿ ಮೊಣಕಾಲಿಗೆ ಬಡಿಯುತ್ತ ಇಡೀ ಚಳಿಗಾಲ ಶಾಲೆಗೆ ಹೋದಳು.

ಕೊನೆಗೆ ಅಮ್ಮ ಹಾಸಿಗೆ ಹಿಡಿದಾಗಲೂ ಅಷ್ಟೆ. ಅಂಗಡಿಯಿಂದ ಓಡಿಬಂದು ಗಂಜಿ ಕಲಸಿ ಬಾಯಿಯ ಹತ್ತಿರ ಹಿಡಿದರೆ ಅಮ್ಮ ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದಳು. ಸಂಜೆ ಅಕ್ಕ ಬಂದು, ಕಂಕುಳಲ್ಲಿ ಕೂಸು, ಒಂದು ಕೈಯಲ್ಲಿ ಚಮಚ, "ಚಿಕ್ಕಮ್ಮಾ, ಆ ಅನ್ನಿ, ಇಲ್ಲಾಂದ್ರೆ ಇದು ನನ್ನ ಮಗಳಿಗೆ ಹೋಗುತ್ತೆ ನೋಡಿ" ಎಂದರೆ ಸಾಕು, ಅಮ್ಮ ನಗುತ್ತ ಬಾಯಿ ತೆರೆಯುತ್ತಿದ್ದಳು. ಇವಳು ಅಡುಗೆಮನೆಯಲ್ಲಿ ನಿಂತು ತಟ್ಟೆಯ ಮೇಲೆ ಚಮಚ ತಾಕುವ ಸದ್ದನ್ನು ಕೇಳುತ್ತಿದ್ದಳು. ಅಮ್ಮ ಊಟ ಮಾಡುತ್ತಿದ್ದಾಳಲ್ಲ ಎಂದು ಸಂತೋಷವಾಗಬೇಕಿತ್ತು. ಸಂತೋಷ ಬರಲಿಲ್ಲ. ಬೇಡ, ತಿನ್ನಬೇಡ ಎಂದು ಒಂದು ಸಲ, ಒಂದೇ ಒಂದು ಸಲ, ಮನಸ್ಸಿನಲ್ಲಿ ಅಂದದ್ದುಂಟು. ಅಮ್ಮ ಹೋದ ದಿನ ಅಕ್ಕ ಗಂಟಲು ಬಿಚ್ಚಿ ಅತ್ತಳು. ಇವಳಿಗೆ ಅಳು ಬರಲಿಲ್ಲ, ಬಂದವರಿಗೆ ಕುರ್ಚಿ ಹಾಕುತ್ತಿದ್ದಳು. ಜನ ಅಕ್ಕನನ್ನು ತಬ್ಬಿ ಸಮಾಧಾನ ಹೇಳಿದರು. ಅಮ್ಮನ ಜೊತೆ ಹಿಂದೆಂದೋ ಕೆಲಸ ಮಾಡಿದ್ದಂತೆ ಒಬ್ಬ ಹೆಂಗಸು, ಅಕ್ಕನ ಕೈ ಬಿಟ್ಟು ಈ ಕಡೆ ತಿರುಗಿ, ಇವಳು ಕೊಟ್ಟ ನೀರಿನ ಲೋಟ ತೆಗೆದುಕೊಳ್ಳುತ್ತ ಕೇಳಿದಳು: "ನೀವು ಅವರಿಗೆ ಏನಾಗಬೇಕು?" ಇವಳು, "ಇನ್ನೂ ನೀರು ಬೇಕಾ?" ಎಂದಳು.

ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಗೆ ಅಕ್ಕನೇ ಬಂದಳು, ಮಗಳನ್ನು ಕರೆದುಕೊಂಡು. ಅಕ್ಕ ಬಂದರೆ ಅಂಗಡಿಯಲ್ಲಿ ದೀಪ ಹಾಕಿದ ಹಾಗೆ. ಯಾವತ್ತೂ ಗಲ್ಲಾಪೆಟ್ಟಿಗೆ ಬಿಟ್ಟು ಏಳದ ಅಂಗಡಿಯವರು ತಾವೇ ಎದ್ದು, ತಮ್ಮ ಮೆತ್ತೆ ಕುರ್ಚಿಯನ್ನು ಈಚೆ ಎಳೆದು, "ಕೂತ್ಕೊಳಿಮ್ಮಾ, ಕೂತ್ಕೊಳಿ" ಎಂದರು. ಆ ಕುರ್ಚಿಗೆ ಮೆತ್ತೆ ಹೊಲಿದುಕೊಟ್ಟವಳು ಇವಳು. ಅದರ ಮೇಲೆ ಒಮ್ಮೆಯೂ ಕೂತವಳಲ್ಲ. ಅಕ್ಕ, "ಅಯ್ಯೋ, ನಾನು ಕೂತ್ರೆ ನಿಮ್ಮ ಕುರ್ಚಿ ಕಥೆ ಮುಗೀತು" ಎಂದು ಎಲ್ಲರನ್ನೂ ನಗಿಸಿ, ಕೂರದೆ, ಇವಳ ಯಂತ್ರದ ಬಳಿ ಬಂದು ಬೆನ್ನ ಮೇಲೆ ಕೈಯಿಟ್ಟಳು. ಬೆಚ್ಚನೆಯ, ದಪ್ಪನೆಯ ಕೈ.

"ಏನೇ ಇದು, ಹೊಲಿದದ್ದೋ ಬೆಳೆದದ್ದೋ! ಎಲೆ ಕಿತ್ಕೊಂಡು ತಿನ್ನೋಣ ಅನ್ಸುತ್ತೆ."

"ಚಿಕ್ಕಮ್ಮಾ, ನಾನು ಬರೆದದ್ದಕ್ಕಿಂತ ಚೆನ್ನಾಗಿ ಬಂದಿದೆ," ಎಂದಳು ಹುಡುಗಿ. ಹುಡುಗಿಗೂ ಅದೇ ಕೂದಲು.

"ಒಂದು ಎಲೆ ಜಾಗ ತಪ್ಪಿದೆ," ಎಂದಳು ಇವಳು.

"ಯಾವುದು?"

"ನಂದು."

ಹುಡುಗಿ ಬಗ್ಗಿ ನೋಡಿದಳು. "ಇಲ್ಲೇ ಇದೆಯಲ್ಲ? ಅಜ್ಜಿ, ಅಜ್ಜಿ ಕೆಳಗೆ ಮಾವ, ಅಮ್ಮ, ನೀವು."

"ನಾನು ಅಲ್ಲಿಯವಳಲ್ಲ. ಇಲ್ಲಿಯವಳು." ಇವಳು ಅಮ್ಮನ ಹೆಸರಿನ ಕೆಳಗಿನ ಬಿಳಿಯ ಮೇಲೆ ಬೆರಳಿಟ್ಟಳು.

ಹುಡುಗಿಯ ಮುಖದಲ್ಲಿ ಯಾವ ಕಪಟವೂ ಇರಲಿಲ್ಲ. "ಚಿಕ್ಕಜ್ಜಿಗೆ ಮಕ್ಕಳಿರಲಿಲ್ಲ ಅಲ್ವಾ?" ಎಂದಳು.

ಎದುರಿನ ಬೆಂಚಿನಲ್ಲಿ ಗುಂಡಿಯ ಸೂಜಿ ಗಾಳಿಯಲ್ಲೇ ನಿಂತಿತು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಬ್ರೇಕ್ ಹಾಕಿದ ಸದ್ದು. ಅಮ್ಮ ಹೋದಾಗ ಈ ಹುಡುಗಿ ಕಂಕುಳ ಕೂಸು. ಅದಾದ ಮೇಲೆ ಇವಳು ಕೆಳಗಿನ ಮನೆ ಖಾಲಿ ಮಾಡಿ, ಮೇಲೆ ದೊಡ್ಡಮ್ಮನ ಪಕ್ಕದ ಕೋಣೆಗೆ ಹೋಗಿದ್ದಳು. ಹುಡುಗಿಗೆ ನೆನಪು ಶುರುವಾಗುವ ಹೊತ್ತಿಗೆ ಅಜ್ಜಿಯ ಮನೆಯಲ್ಲಿ ಚಿಕ್ಕಮ್ಮ ಇದ್ದಳು, ಅಜ್ಜಿಗೆ ಸ್ನಾನ ಮಾಡಿಸುತ್ತಿದ್ದಳು, ಅಜ್ಜಿ ಅವಳನ್ನು ಗದರುತ್ತಿದ್ದಳು. ಮಗಳಲ್ಲದೆ ಮತ್ತೇನು? ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕದಲ್ಲಿ ಗೋಡೆಯ ಮೇಲಿನ ಪಟದಲ್ಲಿ ನಗುವ ಚಿಕ್ಕಜ್ಜಿ ಬಂಜೆ.

"ಥೂ ಪೆದ್ದೇ," ಎಂದು ಅಕ್ಕ ಮಗಳ ತೋಳಿಗೆ ಒಂದು ಏಟು ಹಾಕಿದಳು. "ಇವಳು ಚಿಕ್ಕಜ್ಜಿ ಹೊಟ್ಟೇಲಿ ಹುಟ್ಟಿದವಳು ಕಣೇ. ಒಬ್ಬಳೇ ಮಗಳು."

"ಮತ್ತೆ ನೀನು ಯಾವಾಗ್ಲೂ ತಂಗಿ ತಂಗಿ ಅಂತೀಯಲ್ಲ?"

"ತಂಗಿನ ತಂಗಿ ಅನ್ನದೆ ಏನನ್ನಲಿ?" ಅಕ್ಕ ಇವಳ ಕಡೆ ತಿರುಗಿದಳು. "ತಪ್ಪು ನಂದೇ. ನಾನು ಯಾವತ್ತೂ ಬಿಡಿಸಿ ಹೇಳೇ ಇಲ್ಲ. ಚಿಕ್ಕಪ್ಪನ ಮಗಳು ಅಂತ ನಿನ್ನನ್ನ ತೋರಿಸೋಕೆ ನನಗೆ ನಾಲಿಗೆನೇ ಏಳಲ್ಲ. ಈಗೇನು, ಹೊಲಿದಾಗಿದೆ, ಇರಲಿ ಬಿಡು. ಅಮ್ಮನ್ನ ಕೇಳಿದ್ರೂ ಅದೇ ಹೇಳ್ತಾಳೆ. ಅವಳನ್ನ ನೋಡ್ಕೋತಿರೋದು ಯಾರು? ನಾನಾ? ವಾರಕ್ಕೊಂದ್ಸಲ ಬಂದು ಮುಖ ತೋರ್ಸಿ ಹೋಗೋಳು ನಾನು. ನಿಜವಾದ ಮಗಳು ನೀನೇ."

ಅದೂ ನಿಜ. ದೊಡ್ಡಮ್ಮನಿಗೆ ಔಷಧಿ ಕೊಡುವವಳು, ಉಗುರು ಕತ್ತರಿಸುವವಳು ಇವಳು. ಅಕ್ಕ ಬರುವ ದಿನ ಮಾತ್ರ ದೊಡ್ಡಮ್ಮ ಬೆಳಿಗ್ಗೆಯಿಂದ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಳ್ಳುತ್ತಾಳೆ. ಕುರ್ಚಿ ಹಾಕುವವಳೂ ಇವಳೇ. ಇದನ್ನು ಬಾಯಿಬಿಟ್ಟು ಹೇಳಿದರೆ ಅಕ್ಕ ಕೂಡಲೇ ಒಪ್ಪಿಕೊಂಡುಬಿಡುತ್ತಾಳೆ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಾಳೆ, ಏನನ್ನಾದರೂ ಬಿಟ್ಟುಕೊಡುತ್ತಾಳೆ. ಅಕ್ಕನ ಒಳ್ಳೆಯತನದಲ್ಲಿ ಒಂದು ಹುಳುಕು ಹುಡುಕುವುದರಲ್ಲೇ ಇವಳ ಅರ್ಧ ಆಯುಷ್ಯ ಹೋಗಿತ್ತು, ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಎಂದೋ ಪ್ರೀತಿಸಿಬಿಡಬಹುದಿತ್ತು.

"ಬೇಕಾದ್ರೆ ನಾನು ಬೇರೆ ಬರೆದುಕೊಡ್ತೀನಿ ಚಿಕ್ಕಮ್ಮ," ಎಂದಳು ಹುಡುಗಿ, ಕೆಂಪಾಗಿ. "ಆದ್ರೆ ಇಲ್ಲಿ ಮೂರು ಎಲೆ ಇದ್ರೇನೇ ಕಣ್ಣಿಗೆ ಚೆಂದ. ಎರಡೇ ಆದ್ರೆ ಆ ಕಡೆ ಬೋಳು ಬೋಳು."

ಬೋಳು ಎಂದ ಕಡೆ ಇವಳು ನೋಡಲಿಲ್ಲ. ಬೋಳಾಗಿ ಕಾಣುತ್ತಿದ್ದ ಇನ್ನೊಂದು ಕಡೆ ಹುಡುಗಿಯ ಕಣ್ಣಿಗೆ ಬಿದ್ದಿರಲೇ ಇಲ್ಲವಲ್ಲ ಎಂದುಕೊಂಡಳು. ಗುಂಡಿ, ಸಮಯ ನೋಡಿ, "ಬಾರಮ್ಮಾ, ಹೊಸ ದಾರ ಬಂದಿದೆ, ಬಣ್ಣ ತೋರಿಸ್ತೀನಿ" ಎಂದು ಹುಡುಗಿಯನ್ನು ಒಳಗಿನ ಕಪಾಟಿನ ಕಡೆ ಕರೆದುಕೊಂಡು ಹೋದಳು.

ಅಕ್ಕ ಈಗ ಕೂತಳು. ಮೆತ್ತೆ ಕುರ್ಚಿಯಲ್ಲಲ್ಲ, ಇವಳ ಸ್ಟೂಲಿನ ಅಂಚಿನಲ್ಲಿ, ಸೊಂಟಕ್ಕೆ ಸೊಂಟ ಒತ್ತಿ. ಸ್ವಲ್ಪ ಹೊತ್ತು ಬಟ್ಟೆಯ ಮೇಲೆ ಕೈಯಾಡಿಸಿದಳು. ಅಮ್ಮನ ಹೆಸರು ಬಂದಲ್ಲಿ ಬೆರಳು ನಿಲ್ಲಿಸಿದಳು.

"ನಿನಗೆ ಬೇಜಾರಾದ್ರೆ ಬಿಚ್ಚಿ ಇಲ್ಲಿ ಹಾಕು. ನಾನು ಮಗಳಿಗೆ ಹೇಳ್ತೀನಿ. ಆದ್ರೆ ನನ್ನ ಎಲೆನೂ ಒಂಚೂರು ಈ ಕಡೆ ವಾಲಿಸೇ. ಯಾರಿಗೂ ಗೊತ್ತಾಗೋದು ಬೇಡ. ಒಂದು ತೆಳ್ಳಗಿನ ಬಳ್ಳಿ ಎಳೆ, ಚಿಕ್ಕಮ್ಮನ ಹೂವಿಂದ ನನ್ನ ತನಕ."

"ಯಾಕೆ?"

"ಯಾಕೆ ಅಂದ್ರೆ? ಚಿಕ್ಕಮ್ಮ ನನಗೆ ಬರೀ ಚಿಕ್ಕಮ್ಮನಾ?" ಅಕ್ಕ ನಕ್ಕಳು, ನಗು ಮಧ್ಯದಲ್ಲೇ ಕೆಟ್ಟಿತು. "ನಿನಗೆ ಗೊತ್ತಿಲ್ಲ. ಜಡೆ ಹಾಕುವಾಗ ಪೂರ್ತಿ ನಿನ್ನದೇ ಮಾತು. ‘ಅವಳ ಕೈ ನೋಡಿದೀಯಾ, ಒಂದು ಹೊಲಿಗೆ ವಾರೆ ಹೋಗಲ್ಲ. ಅವಳಿಗೆ ನಾನು ಹೇಳಿಕೊಟ್ಟದ್ದೇ ಇಲ್ಲ, ನೋಡಿ ನೋಡಿ ಕಲಿತುಬಿಟ್ಟಳು. ಅವಳ ಮುಂದೆ ಹೇಳಬೇಡ, ಕೋಡು ಬಂದುಬಿಡುತ್ತೆ’ ಅನ್ನೋಳು. ದಿನಾ ಇದೇ. ನನಗೆ ಮೈಯೆಲ್ಲ ಉರಿಯೋದು. ಬೇಕಂತಲೇ ತಲೆ ಅಲ್ಲಾಡಿಸ್ತಿದ್ದೆ, ಜಡೆ ಕೆಡಲಿ, ಮತ್ತೆ ಮೊದಲಿಂದ ಹಾಕಲಿ, ಆಗಲಾದ್ರೂ ನನ್ನ ಬಗ್ಗೆ ಏನಾದ್ರೂ ಹೇಳಲಿ ಅಂತ."

ಇಲ್ಲಿ ಕರಗಬೇಕಿತ್ತು. ಅಕ್ಕ ಕಾಯುತ್ತಿದ್ದದ್ದೂ ಅದಕ್ಕೇ ಇರಬೇಕು. ಕೊಡಬೇಕಾದದ್ದನ್ನು ಕೊನೆಗೂ ಕೊಟ್ಟೆ ಎನ್ನುವ ಹಾಗೆ ಕೈಯನ್ನು ಇವಳ ತೊಡೆಯ ಮೇಲಿಟ್ಟಿದ್ದಳು. ಇವಳು ಆ ಕೈಯನ್ನು ನೋಡಿದಳು. ಮತ್ತೆ ಅಮ್ಮನ ತುಟಿಗಳು ಅಲ್ಲಾಡುತ್ತಿದ್ದವು, ಬಾಚಣಿಗೆ ಇಳಿಯುತ್ತಿತ್ತು. ಇವಳು ಬಾಗಿಲಲ್ಲಿ ನಿಂತಿದ್ದಳು, ಚೀಲದ ಪಟ್ಟಿ ಭುಜ ಒತ್ತುತ್ತಿತ್ತು. ಮಾತು ಇವಳದೇ, ಆದರೆ ಹೋದದ್ದು ಆ ನೆತ್ತಿಯೊಳಕ್ಕೆ. ಇವಳ ಕಿವಿಗೆ ಅಮ್ಮನಿಂದ ಬಂದದ್ದು ಬೆನ್ನು ನೆಟ್ಟಗಿಡು, ದಾರ ದಂಡ ಮಾಡಬೇಡ, ದೀಪ ಆರಿಸು. ಹೊಗಳಿಕೆಯೆಲ್ಲ ಇಷ್ಟು ವರ್ಷ ಅಕ್ಕನ ಹತ್ತಿರವೇ ಇತ್ತು. ಇವಳ ಹೆಸರಿಗೆ ಹೊಲಿದ ಅಂಗಿಯನ್ನು ಅಕ್ಕ ತೊಟ್ಟು, ತೊಳೆದು, ಮಡಚಿಟ್ಟು, ಮೈಗಾಗುವ ಕಾಲ ಕಳೆದ ಮೇಲೆ ತಂದುಕೊಟ್ಟ ಹಾಗೆ. ಅದನ್ನೂ ಇಳಿಸಿಕೊಂಡೇ ತೊಡಬೇಕು. ಅಕ್ಕನಿಗೆ ಉರಿಯುತ್ತಿತ್ತಂತೆ. ಆ ಉರಿಯಾದರೂ ತನ್ನದೊಬ್ಬಳದೇ ಎಂದು ಇವಳು ತಿಳಿದಿದ್ದಳು. ಈಗ ಅದರಲ್ಲೂ ಅಕ್ಕನಿಗೆ ಪಾಲು.

"ನೋಡೋಣ," ಎಂದಳು.

"ನೋಡೋಣ ಅಲ್ಲ, ಮಾಡ್ತೀಯ. ನನ್ನ ಬಂಗಾರ," ಎಂದು ಅಕ್ಕ ಇವಳ ಕೆನ್ನೆ ಹಿಂಡಿ ಎದ್ದಳು. ಹೋಗುವಾಗ ಅಂಗಡಿಯವರಿಗೆ ಭಾನುವಾರ ಬರಲೇಬೇಕೆಂದು ಹೇಳಿ, ಗುಂಡಿಯನ್ನೂ ಕರೆದು, ಬಾಗಿಲಲ್ಲಿ ಒಮ್ಮೆ ತಿರುಗಿ ಕೈಬೀಸಿದಳು. ಇವಳೂ ಬೀಸಿದಳು.

ಸಂಜೆ ಗುಂಡಿ ಡಬ್ಬಿ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು, "ಹಾಗಾದ್ರೆ ಏನು ಮಾಡ್ತೀರ?" ಎಂದಳು.

"ಏನು ಮಾಡೋದು, ಎಲೆ ಬಿಚ್ಚೋದು."

"ಬಿಚ್ಚಿದ್ರೆ ತೂತು ಕಾಣುತ್ತಲ್ರೀ? ಅಷ್ಟು ಒತ್ತಾಗಿ ಹೊಲಿದಿದ್ದೀರ."

"ನೀರು ತಾಕಿಸಿ ಉಜ್ಜಿದ್ರೆ ಹೋಗುತ್ತೆ."

ಅಂಗಡಿಯವರು ಗಲ್ಲಾಪೆಟ್ಟಿಗೆಯ ಬಳಿ ಬೀಗದಕೈ ಹುಡುಕುತ್ತಿದ್ದರು. ಅವಳು ಬಟ್ಟೆಯನ್ನು ತಿರುವಿ, ಹಿಂಬದಿಯಿಂದ ಹೊಲಿಗೆ ಬಿಚ್ಚುವ ಕೊಕ್ಕೆ ತೂರಿಸಿ ತನ್ನ ಹೆಸರನ್ನು ಬಿಚ್ಚತೊಡಗಿದಳು. ಒತ್ತು ಹೊಲಿಗೆ ಸುಲಭಕ್ಕೆ ಬಿಡಲಿಲ್ಲ. ಒಂದೊಂದೇ ಎಳೆ ಟಪ್ಪೆಂದು ಕತ್ತರಿಸಿ, ಮುಂಬದಿಗೆ ತಿರುವಿ, ಉಗುರಿಗೆ ಸಿಕ್ಕಿಸಿ ಎಳೆದರೆ ಹಸಿರು ಚೂರು ಮಡಿಲಿಗೆ ಉದುರುತ್ತಿತ್ತು. ಅಮ್ಮನಿಗೋಸ್ಕರ ಮಾಡುತ್ತಿದ್ದೇನೆ ಎಂದು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಂಡು ನೋಡಿದಳು. ಚೆನ್ನಾಗಿ ಕೇಳಿಸಿತು, ಆದರೆ ಸುಳ್ಳು. ಅಮ್ಮ ಇದ್ದಿದ್ದರೆ ಇರಲಿ ಬಿಡೇ ಎನ್ನುತ್ತಿದ್ದಳು, ಅಕ್ಕನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಎಲೆ ಪೂರ್ತಿ ಬಿಚ್ಚಿದ ಮೇಲೆ, ಅದಿದ್ದ ಜಾಗದಲ್ಲಿ ತೂತುಗಳದೇ ಒಂದು ಎಲೆ ಉಳಿಯಿತು. ಓದಬೇಕೆಂದರೆ ಓದಬಹುದು, ಅಷ್ಟು ಸ್ಪಷ್ಟ. ಹತ್ತಿರ ನಿಂತವರಿಗೆ ಮಾತ್ರ.

ಅಮ್ಮನ ಹೂವನ್ನು ರಿಂಗಿಗೆ ಸಿಕ್ಕಿಸಿದಳು. ಹೂವಿನ ಕೆಳಗೆ ಎರಡು ಎಲೆಗೆ ಧಾರಾಳ ಜಾಗವಿತ್ತು. ಒಂದನ್ನು ಎಡಕ್ಕೆ ಹಾಕಿದರೆ ಬಲಗಡೆಯಿಂದ ಅಕ್ಕನ ಕಡೆಗೆ ತೆಳ್ಳಗಿನ ಬಳ್ಳಿಯೊಂದು ಸಲೀಸಾಗಿ ಹೊರಡುತ್ತದೆ. ಕಣ್ಣಿಗೂ ಚೆಂದ, ಹುಡುಗಿಯ ಬೋಳೂ ತುಂಬುತ್ತದೆ. ಆ ಬಳ್ಳಿ ಹೋಗಬಹುದಾದ ದಾರಿ ಅವಳಿಗೆ ಕಾಣಿಸಿತು, ಎಷ್ಟು ಬಾಗಬೇಕು, ಎಲ್ಲಿ ತೆಳ್ಳಗಾಗಬೇಕು ಎನ್ನುವುದೂ ಸಹ. ಹಸಿರು ದಾರವನ್ನು ಸೂಜಿಗೆ ಪೋಣಿಸಿ, ಹೂವಿನ ಕೆಳಗೆ, ನಟ್ಟನಡುವಿಗೆ ಸರಿಯಾಗಿ ಸೂಜಿಯನ್ನು ಇಳಿಸಿ ಪೆಡಲು ಒತ್ತಿದಳು. ಒಂದೇ ಎಲೆ, ತನ್ನದು, ಅಗಲವಾಗಿ, ಎರಡು ಕಡೆಯ ಜಾಗವನ್ನೂ ತುಂಬಿಕೊಳ್ಳುವ ಹಾಗೆ. ಪಕ್ಕದಲ್ಲಿ ಇನ್ನೊಂದು ದಾರ ಹೋಗಲು ಸಂದಿ ಉಳಿಯಲಿಲ್ಲ.

ಮುಗಿಸಿ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಒತ್ತಿದಳು. ಕಾಯಲಿ ಎಂದು ಬಿಟ್ಟು, ಲೋಟದ ನೀರಿಗೆ ಬೆರಳದ್ದಿ, ದೊಡ್ಡಮ್ಮನ ಹೂವಿನ ಕೆಳಗಿನ ತೂತುಗಳ ಮೇಲೆ ಹಿಡಿದಳು. ಒಂದು ಹನಿ ಬೆರಳ ತುದಿಗೆ ಬಂದು ತೂಗಿತು. ಈ ಹೊತ್ತಿಗೆ ದೊಡ್ಡಮ್ಮ ಔಷಧಿಗೆ ಕಾಯುತ್ತಿರುತ್ತಾಳೆ, ಯಾಕಿಷ್ಟು ತಡ ಎಂದು ಗದರಲು ಮಾತು ಜೋಡಿಸಿಕೊಳ್ಳುತ್ತಿರುತ್ತಾಳೆ. ಇಷ್ಟು ವರ್ಷ ಆ ಮನೆಯಲ್ಲಿ ಉಂಡದ್ದು, ಮಲಗಿದ್ದು, ಗದರಿಸಿಕೊಂಡದ್ದು. ಅವಳು ಬೆರಳನ್ನು ಹಿಂದಕ್ಕೆ ತೆಗೆದು ಸೆರಗಿಗೆ ಒರೆಸಿಕೊಂಡಳು. ಇಸ್ತ್ರಿಯ ಸ್ವಿಚ್ಚು ಆರಿಸಿದಳು.

"ಆಯ್ತೇನಮ್ಮಾ? ಬಾಗಿಲು ಹಾಕ್ಲಾ?" ಎಂದರು ಅಂಗಡಿಯವರು.

"ಆಯ್ತು," ಎಂದು ಅವಳು ಬಟ್ಟೆಯನ್ನು, ಹೊಸ ಎಲೆಯೂ ಹಳೆಯ ತೂತುಗಳೂ ಒಳಗಾಗುವ ಹಾಗೆ, ಮಡಚಿದಳು.